ಎರಡು ಮೀಟರ್ ರಸ್ತೆಯ ಊರು, ಮತ್ತು ನಮ್ಮ ಸುರಪುರ

ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ, ಸಮುದ್ರದ ದಂಡೆ ಮೇಲೆ ವಿಕ್ ಅಂತ ಒಂದು ಸಣ್ಣ ಊರಿದೆ. ಜನಸಂಖ್ಯೆ ಏಳು ಸಾವಿರದ ಆಸುಪಾಸು. ಆ ಊರಿನಲ್ಲಿ ಎಬೆನೀಜರ್ ಪ್ಲೇಸ್ ಅನ್ನೋ ರಸ್ತೆ ಇದೆ. ಉದ್ದ ಎಷ್ಟು ಗೊತ್ತಾ? 2.06 ಮೀಟರ್! ಒಂದು ಬೈಕ್ ಅಡ್ಡ ನಿಲ್ಲಿಸಿದರೆ ರಸ್ತೆ ಮುಗೀತು. ಒಂದು ಕಟ್ಟಡದ ಮೂಲೆ, ಒಂದು ಬಾಗಿಲು, ಒಂದು ಬೋರ್ಡು, ಅಷ್ಟೇ. 2006ರಲ್ಲಿ ಗಿನ್ನೆಸ್ ದಾಖಲೆಯವರು ಇದನ್ನು ಜಗತ್ತಿನ ಅತಿ ಚಿಕ್ಕ ರಸ್ತೆ ಅಂತ ಒಪ್ಪಿಕೊಂಡರು. ಅವತ್ತಿನಿಂದ ಆ ದಾರಿಯಲ್ಲಿ ಹೋಗುವ ಪ್ರವಾಸಿಗರು ಗಾಡಿ ನಿಲ್ಲಿಸಿ, ಬಾಗಿಲ ಮುಂದೆ ನಿಂತು ಸೆಲ್ಫಿ ತಗೊಂಡೇ ಮುಂದೆ ಹೋಗ್ತಾರೆ.

ಈಗ ನಮ್ಮ ಕಡೆ ಬನ್ನಿ. ಮೊಘಲ್ ಬಾದಶಹ ಔರಂಗಜೇಬ್ ತನ್ನ ಬದುಕಿನ ಕೊನೆಯ ದೊಡ್ಡ ಮುತ್ತಿಗೆ ಹಾಕಿದ ಕೋಟೆ, ಇಂಗ್ಲಿಷ್ ಕಾದಂಬರಿಕಾರನೊಬ್ಬ ಹನ್ನೆರಡು ವರ್ಷ ಆಡಳಿತ ನಡೆಸಿದ ಬೆಟ್ಟದೂರು, 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಯುವ ರಾಜ, ತನ್ನದೇ ಹೆಸರಿನ ಚಿತ್ರಕಲಾ ಶೈಲಿ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವ ಕೆರೆ, ಅದರಾಚೆ ಲಕ್ಷಾಂತರ ವರ್ಷ ಹಿಂದಿನ ಕಲ್ಲಿನ ಕೊಡಲಿ. ಇದಿಷ್ಟೂ ಒಂದೇ ತಾಲ್ಲೂಕು ಮತ್ತು ಅದರ ಅಕ್ಕಪಕ್ಕ. ಆದರೂ ಬೆಂಗಳೂರಿನ ಆಫೀಸಿನಲ್ಲಿ "ನಮ್ಮೂರು ಸುರಪುರ" ಅಂದರೆ ಬರುವ ಮೊದಲ ಪ್ರಶ್ನೆ, "ಅದು ಎಲ್ಲಿ ಬರುತ್ತೆ?" ಎರಡನೇ ಪ್ರಶ್ನೆ, "ಬಿಸಿಲು ಜಾಸ್ತಿ ಅಲ್ವಾ ಆ ಕಡೆ?"

ಬಿಸಿಲು ಜಾಸ್ತಿ, ಹೌದು. ಅದರ ಜೊತೆ ಬೇರೆಯದೂ ಬಹಳ ಇದೆ.

ಬಾದಶಹನನ್ನು ಕಾಯಿಸಿದ ಕೋಟೆ

ಯಾದಗಿರಿ 2010ರಲ್ಲಿ ಜಿಲ್ಲೆ ಆಯ್ತು. ಅದಕ್ಕೂ ಮೊದಲು ಕಲಬುರಗಿ ಜಿಲ್ಲೆಯ ಭಾಗ, ಅದಕ್ಕೂ ಹಿಂದೆ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮರ ಆಡಳಿತ. ಶಹಾಪುರ, ಸುರಪುರ ಕಡೆಯ ಜನ ತಮ್ಮ ನೆಲವನ್ನು ಸಗರನಾಡು ಅಂತ ಕರೀತಾರೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಡುವೆ ಎರೆಹೊಲ, ಭತ್ತದ ಗದ್ದೆ, ಯಾರೋ ಎತ್ತಿ ಪೇರಿಸಿಟ್ಟ ಹಾಗೆ ಕಾಣುವ ಬಂಡೆಗುಡ್ಡಗಳು.

ಸುರಪುರದ ಕಥೆ ಶುರುವಾಗೋದು ಸುರಪುರದಲ್ಲಲ್ಲ, ಅದರ ಪಶ್ಚಿಮಕ್ಕಿರುವ ವಾಗಣಗೇರಾದಲ್ಲಿ. ಬೇಡರ ನಾಯಕರ ಹಳೆಯ ರಾಜಧಾನಿ ಅದು. 1705ರ ಫೆಬ್ರವರಿಯಲ್ಲಿ ಔರಂಗಜೇಬ್ ಸ್ವತಃ ಸೈನ್ಯದೊಂದಿಗೆ ಬಂದು ಅದರ ಮುಂದೆ ಬೀಡುಬಿಟ್ಟ. ಆಗ ಅವನಿಗೆ 86 ವರ್ಷ. ಬಿಜಾಪುರ ಬಿದ್ದಿತ್ತು, ಗೋಲ್ಕೊಂಡ ಬಿದ್ದಿತ್ತು. ಹಿಂದುಸ್ತಾನದ ಬಹುಪಾಲು ಕೈಯಲ್ಲಿದ್ದ ಮನುಷ್ಯ, ಗುಡ್ಡದ ಮೇಲಿನ ಒಂದು ಸಣ್ಣ ಕೋಟೆಗಾಗಿ ಸುಮಾರು ಮೂರು ತಿಂಗಳು ಕಾದ. ಬೇಡರ ಗುರಿ ಎಂಥದ್ದು ಅನ್ನೋದು ಮೊಘಲರಿಗೆ ಆ ಮೂರು ತಿಂಗಳಲ್ಲಿ ಚೆನ್ನಾಗಿ ತಿಳೀತು. ಧನಾಜಿ ಜಾಧವನ ಮರಾಠಾ ಪಡೆಯೂ ನಾಯಕರ ನೆರವಿಗೆ ಬಂತು. ಏಪ್ರಿಲ್ ಕೊನೆಗೆ ಕೋಟೆ ಮೊಘಲರ ಕೈಗೆ ಸಿಕ್ಕಿತು. ಆದರೆ ಹಿಡಿಯಬೇಕಿದ್ದ ಪಿಡ್ಡ ನಾಯಕ ರಾತ್ರಿಯೇ ತನ್ನವರೊಂದಿಗೆ ಜಾಗ ಖಾಲಿ ಮಾಡಿದ್ದ! ಗೆದ್ದವರಿಗೆ ಸಿಕ್ಕಿದ್ದು ಬರಿದಾದ ಕೋಟೆ.

ಅಲ್ಲಿಂದ ಬಾದಶಹ ಹತ್ತಿರದ ದೇವಾಪುರಕ್ಕೆ ಹೋಗಿ ತಂಗಿದ. ಅಲ್ಲೇ ಕಾಯಿಲೆ ಬಿದ್ದ. ತಿಂಗಳುಗಟ್ಟಲೆ ಆ ಹಳ್ಳಿಯೇ ಮೊಘಲ್ ದರ್ಬಾರಿನ ಕೇಂದ್ರ ಆಗಿತ್ತು, ಯೋಚನೆ ಮಾಡಿ. ದೆಹಲಿ ಅಲ್ಲ, ಆಗ್ರಾ ಅಲ್ಲ, ದೇವಾಪುರ. ಆ ವರ್ಷದ ಮಳೆಗಾಲ ಮುಗಿದ ಮೇಲೆ ಉತ್ತರದ ಕಡೆ ಹೊರಟವನು 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ದೆಹಲಿಯನ್ನು ಮತ್ತೆ ನೋಡಲಿಲ್ಲ.

ವಾಗಣಗೇರಾದಲ್ಲಿ ಈಗ ಗೋಡೆ, ಬುರುಜು, ಬಂಡೆ, ಕುರುಚಲು ಗಿಡ. ಟಿಕೆಟ್ ಕೌಂಟರ್ ಹುಡುಕಬೇಡಿ. ಮುಂಚೆ ಈ ಕಥೆ ಓದಿಕೊಂಡು ಹೋದರೆ ಮಾತ್ರ ಆ ಗೋಡೆಗಳು ಮಾತಾಡ್ತವೆ, ಇಲ್ಲಾಂದ್ರೆ ಅರ್ಧ ತಾಸಿನಲ್ಲಿ ವಾಪಸ್ ಬರ್ತೀರಿ.

ಬೆಟ್ಟಗಳ ಮಡಿಲಿನ ಊರು

ಆ ಮುತ್ತಿಗೆಯ ನಂತರ ನಾಯಕರು ತಮ್ಮ ನೆಲೆಯನ್ನು ಸುರಪುರದಲ್ಲಿ ಬೆಳೆಸಿದರು. ಜಾಗದ ಆಯ್ಕೆ ನೋಡಿದರೇ ಗೊತ್ತಾಗುತ್ತೆ, ಇವರು ಒಮ್ಮೆ ಮುತ್ತಿಗೆ ಕಂಡವರು. ಸುತ್ತ ಗುಡ್ಡ, ನಡುವೆ ಊರು. ಹೆದ್ದಾರಿಯಲ್ಲಿ ಹೋಗುವವರಿಗೆ ಒಳಗಿನ ಹಳೇ ಊರು ಕಾಣೋದೇ ಇಲ್ಲ. ಬಸ್ ಸ್ಟ್ಯಾಂಡು, ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ ನೋಡಿ "ಇಷ್ಟೇನಾ ಸುರಪುರ" ಅಂತ ಲಿಂಗಸುಗೂರಿನ ಕಡೆ ಹೊರಟುಬಿಡ್ತಾರೆ. ಒಳಗೆ ಹೋಗಬೇಕು, ಏರಿಳಿಯುವ ಓಣಿಗಳಲ್ಲಿ ನಡೀಬೇಕು. ಬಂಡೆಯನ್ನು ಒಡೆಯದೆ, ಬಂಡೆಯನ್ನೇ ಗೋಡೆಯಾಗಿ ಮಾಡಿಕೊಂಡ ಮನೆಗಳಿವೆ. ಅರಮನೆಯ ಕಡೆ ಹೋದರೆ ಹಳೇ ದರ್ಬಾರಿನ ಗತ್ತು ಇನ್ನೂ ಉಳಿದಿದೆ, ಜೊತೆಗೆ ಕಾಲದ ಪೆಟ್ಟೂ ಕಾಣುತ್ತೆ.

ವೇಣುಗೋಪಾಲಸ್ವಾಮಿ ಗುಡಿ ನಾಯಕರ ಕಾಲದ್ದು, ಊರಿನ ಹೃದಯ. ಶ್ರಾವಣದಲ್ಲಿ ಕೃಷ್ಣಾಷ್ಟಮಿ ಮುಗಿದ ಮೇಲೆ ಇಲ್ಲಿ ನಡೆಯುವ ಜಾತ್ರೆಯಲ್ಲಿ ಸ್ತಂಭಾರೋಹಣ ಅಂತ ಇದೆ. ಜಾರುವ ಎತ್ತರದ ಮರದ ಕಂಬ, ಮೇಲಿಂದ ಸುರಿಯುವ ನೀರು, ಕೆಳಗೆ ಸಾವಿರಾರು ಜನರ ಕೂಗು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ, ಜಾರಿ, ಬಿದ್ದು, ಮತ್ತೆ ಹತ್ತುತ್ತಾರೆ. ಮುಂಬೈಯ ದಹಿ ಹಂಡಿ ಪ್ರತಿ ವರ್ಷ ಟೀವಿಯಲ್ಲಿ ಬರುತ್ತೆ. ಇದನ್ನು ನೋಡೋಕೆ ಊರಿಗೇ ಬರಬೇಕು. ಬೆಂಗಳೂರು, ಪುಣೆ ಸೇರಿಕೊಂಡ ನಮ್ಮ ಹುಡುಗರು ದೀಪಾವಳಿಗೆ ರಜೆ ಹಾಕದಿದ್ದರೂ ಈ ಜಾತ್ರೆಗೆ ಹಾಕ್ತಾರೆ ಅನ್ನೋದು ಊರಲ್ಲಿ ಕೇಳಿಬರುವ ಮಾತು.

ಕೃಷ್ಣಾ ದಂಡೆಯ ತಿಂಥಣಿಯ ಮೌನೇಶ್ವರರ ಬಗ್ಗೆ ಇಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸೋದು ಕಷ್ಟ. ಸುರಪುರದ ಹತ್ತಿರದ ದೇವರಗೋನಾಲದಲ್ಲಿ ಹುಟ್ಟಿದ ಈ ಸಂತರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ತಾರೆ. ಅದಕ್ಕೇ ಬೇರೆ ದಿನ, ಬೇರೆ ಲೇಖನ ಬೇಕು.

ಟೇಲರ್ ಸಾಹೇಬ ಮತ್ತು 'ಅಪ್ಪಾ' ಎಂದ ಹುಡುಗ

ಊರ ಮೇಲಿನ ಗುಡ್ಡದಲ್ಲಿ ಒಂದು ಬಂಗಲೆ ಇದೆ. ಹೆಸರು ಟೇಲರ್ ಮಂಜಿಲ್. ಈಗ ಸರಕಾರಿ ಅತಿಥಿಗೃಹ. ಇಲ್ಲಿ ಸಂಜೆ ಹೊತ್ತು ನಿಂತರೆ ಕೆಳಗೆ ಇಡೀ ಸುರಪುರ, ಸುತ್ತಲಿನ ಗುಡ್ಡಗಳ ಸಾಲು, ಆಚೆ ಬಯಲು. ಈ ಇಡೀ ಲೇಖನದಲ್ಲಿ ಒಂದೇ ಜಾಗಕ್ಕೆ ಹೋಗೋಕೆ ಟೈಮ್ ಇದೆ ಅಂದರೆ ನಾನು ಹೇಳೋದು ಇದನ್ನೇ.

ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೆ ಹೊಟ್ಟೆಪಾಡಿಗಾಗಿ ಭಾರತಕ್ಕೆ ಬಂದವರು. ಕಂಪನಿಯ ನೌಕರಿಯಲ್ಲ, ನಿಜಾಮರ ಸೈನ್ಯದಲ್ಲಿ ನೌಕರಿ. 1839ರಲ್ಲಿ ಠಕ್ಕರ ಬಗ್ಗೆ ಬರೆದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಲಂಡನ್ನಿನಲ್ಲಿ ದೊಡ್ಡ ಸುದ್ದಿ ಮಾಡಿತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಬೆಸ್ಟ್‌ಸೆಲ್ಲರ್ ಲೇಖಕ. ಎರಡು ವರ್ಷದ ನಂತರ, 1841ರಲ್ಲಿ, ಆ ಲೇಖಕನಿಗೆ ಸುರಪುರದ ಪೋಸ್ಟಿಂಗ್ ಬಂತು.

ಆಗ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಇನ್ನೂ ಆರೇಳು ವರ್ಷದ ಮಗು. ರಾಣಿ ಈಶ್ವರಮ್ಮ, ದಾಯಾದಿಗಳು, ಸಾಲಗಾರರು, ನಿಜಾಮರ ಬಾಕಿ, ಎಲ್ಲವೂ ಸೇರಿ ಸಂಸ್ಥಾನ ಗೋಜಲಾಗಿತ್ತು. ಟೇಲರ್ 1853ರ ತನಕ ಇಲ್ಲೇ ಇದ್ದು ಆಡಳಿತ ನೋಡಿಕೊಂಡರು. ರಸ್ತೆ ಮಾಡಿಸಿದರು, ಕೆರೆ ದುರಸ್ತಿ ಮಾಡಿಸಿದರು, ಲೆಕ್ಕಪತ್ರ ಸರಿಮಾಡಿದರು. ಜನ ಅವರನ್ನು ಮಹಾದೇವ ಬಾಬಾ ಅಂತ ಕರೀತಿದ್ದರಂತೆ. ರಾಣಿಗೂ ಅವರಿಗೂ ಮಾತ್ರ ಸರಿ ಬೀಳಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಆ ಕಾಲದ ಸುರಪುರದ ಬಗ್ಗೆ ಇವತ್ತು ಜಗತ್ತಿನ ಓದುಗರಿಗೆ ಗೊತ್ತಿರೋದೆಲ್ಲ ಬಹುಪಾಲು ಟೇಲರ್ ಹೇಳಿದ್ದು. ಅವರ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಅವರು ಸತ್ತ ಮರುವರ್ಷ, 1877ರಲ್ಲಿ ಬಂತು. ಮಗಳು ಸಂಪಾದಿಸಿದ ಪುಸ್ತಕ. ಚೆನ್ನಾಗಿದೆ, ಪ್ರಾಮಾಣಿಕವಾಗಿಯೂ ಇದೆ. ಆದರೂ ರಾಣಿ ಈಶ್ವರಮ್ಮ ಅದರಲ್ಲಿ ಬರೋದು ಟೇಲರ್ ಕಂಡ ಹಾಗೆ ಮಾತ್ರ. ಗಂಡ ಸತ್ತ, ಮಗು ಸಣ್ಣದು, ಮನೆಬಾಗಿಲಿಗೆ ಬಂದು ಕೂತ ಪರಂಗಿ ಅಧಿಕಾರಿ ಲೆಕ್ಕ ಕೇಳ್ತಿದ್ದಾನೆ. ಆ ಹೆಣ್ಣುಮಗಳ ಕಡೆಯಿಂದ ಈ ಕಥೆ ಹೇಗಿತ್ತು? ಅದನ್ನು ಬರೆದಿಟ್ಟ ಆತ್ಮಕಥೆ ಇಲ್ಲ.

ವೆಂಕಟಪ್ಪ ಟೇಲರ್ ಕಣ್ಣೆದುರು ಬೆಳೆದ. ಅವರನ್ನು 'ಅಪ್ಪಾ' ಅಂತ ಕರೀತಿದ್ದ. 1853ರಲ್ಲಿ ಅಧಿಕಾರ ಅವನ ಕೈಗೆ ಬಂತು, ಟೇಲರ್ ನಳದುರ್ಗದ ಕಡೆ ವರ್ಗವಾದರು. ಮುಂದಿನ ಐದು ವರ್ಷದಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಎದ್ದರು, ಅದರ ಬಿಸಿ ದಕ್ಷಿಣಕ್ಕೂ ಹರಡಿತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಯ ಮೇಲೆ ವೆಂಕಟಪ್ಪ ನಾಯಕನ ಕಡೆಯವರು ರಾತ್ರಿ ದಾಳಿ ಮಾಡಿದರು. ಆದರೆ ಬ್ರಿಟಿಷರಿಗೆ ಹೆಚ್ಚಿನ ಪಡೆ ಬಂದು ಸೇರಿತು, ಊರು ಅವರ ಕೈವಶ ಆಯ್ತು. ರಾಜ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮರ ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿದರು.

ಟೇಲರ್ ಜೈಲಿಗೆ ಹೋಗಿ ಅವನನ್ನು ಕಂಡರು. ಸಾಕಿದ ಹುಡುಗ ಬೇಡಿಯಲ್ಲಿ, ಸಾಕಿದವನು ಬೇಡಿ ಹಾಕಿದವರ ಕಡೆಯವನು. ಗಲ್ಲು ಆಗಬಹುದಿದ್ದ ಶಿಕ್ಷೆ ಕಡಿಮೆಯಾಗುತ್ತ ಬಂದು ಕೊನೆಗೆ ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಅಂತ ತೀರ್ಮಾನ ಆಯ್ತು. ಆದರೆ ಹೈದರಾಬಾದಿನಿಂದ ಹೊರಟ ದಾರಿಯಲ್ಲೇ ವೆಂಕಟಪ್ಪ ನಾಯಕ ಗುಂಡೇಟಿನಿಂದ ಸತ್ತ. ಜೊತೆಗಿದ್ದ ಬ್ರಿಟಿಷ್ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಅನ್ನೋದು ಬ್ರಿಟಿಷರ ಮಾತು. ಸುರಪುರದಲ್ಲಿ ಇದನ್ನು ಇವತ್ತಿಗೂ ನಂಬದವರಿದ್ದಾರೆ. ಟೇಲರ್ ಇನ್ನೊಂದು ವಿಷಯ ಬರೀತಾರೆ. ಹುಡುಗ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಾಯ್ತಾನೆ ಅಂತ ಜಾತಕದಲ್ಲಿತ್ತಂತೆ, ರಾಣಿಗೆ ಅದು ಮೊದಲೇ ಗೊತ್ತಿತ್ತಂತೆ. ಅವನು ಸತ್ತಾಗ ವಯಸ್ಸು ಅದೇ.

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಆಳುವ ಸಂಸ್ಥಾನ ಅಲ್ಲಿಗೆ ಮುಗೀತು.

ಒಂದು ವೆಬ್ ಸೀರೀಸಿಗೆ ಬೇಕಾದ ಎಲ್ಲವೂ ಇದರಲ್ಲಿದೆ ಅಂತ ನಿಮಗೂ ಅನಿಸಿರಬೇಕು. ಅನಿಸಲಿ. ಆದರೆ ಟೇಲರ್ ಮಂಜಿಲ್ ಮೆಟ್ಟಿಲ ಮೇಲೆ ನಿಂತಾಗ ತಲೆಯಲ್ಲಿ ಸುಳಿಯೋದು ಬೇರೆ ಪ್ರಶ್ನೆ. ಈ ಬಂಗಲೆಗೆ ಟೇಲರ್ ಹೆಸರು ಉಳೀತು. ಕೆಳಗಿನ ಓಣಿಗಳಲ್ಲಿ ಆ ರಾತ್ರಿ ಯಾರು ಯಾರು ಕತ್ತಿ ಹಿಡಿದು ಹೊರಟರು, ಯಾವ ಮನೆಯವರು ವಾಪಸ್ ಬರಲಿಲ್ಲ, ಅದು ಎಲ್ಲಿ ಉಳಿದಿದೆ? ಅಜ್ಜಂದಿರ ಬಾಯಲ್ಲಿ ಅಷ್ಟೋ ಇಷ್ಟೋ.

ಬಂಗಾರದ ಗೆರೆ

ಅರಮನೆ ಹೋದರೆ ಅರಮನೆಯನ್ನು ನೆಚ್ಚಿಕೊಂಡವರ ಗತಿ? ಸುರಪುರದ ಚಿತ್ರಕಾರರಿಗೆ ಆದದ್ದು ಅದೇ. ನಾಯಕರ ಆಶ್ರಯದಲ್ಲಿ ಬೆಳೆದ ಸುರಪುರ ಶೈಲಿ ಮೈಸೂರು ಮತ್ತು ತಂಜಾವೂರು ಚಿತ್ರಗಳಿಗೆ ದೂರದ ನೆಂಟ ಅನ್ನಬಹುದು. ದೇವರ ಚಿತ್ರ, ದರ್ಬಾರಿನ ಚಿತ್ರ, ಚಿನ್ನದ ರೇಕಿನ ಕೆಲಸ. ಆದರೆ ಗೆರೆ ತುಂಬ ಸೂಕ್ಷ್ಮ. ಹೈದರಾಬಾದ್ ಕಡೆಯ ದಖನಿ ಚಿತ್ರಗಳ ನೆರಳೂ ಇದರ ಮೇಲಿದೆ. ಈ ಕಲೆಯಲ್ಲಿ ದೊಡ್ಡ ಹೆಸರು ಗರುಡಾದ್ರಿ ಮನೆತನದ್ದು. ನಮ್ಮ ಕಾಲದಲ್ಲಿ ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಈ ಶೈಲಿಯನ್ನು ಮತ್ತೆ ಜೀವಂತ ಮಾಡೋಕೆ ದುಡಿದವರು.

ಒಂದು ಒಳ್ಳೇ ಸುರಪುರ ಚಿತ್ರ ನೋಡಬೇಕಾದರೆ ಭೂತಗನ್ನಡಿ ಹಿಡಿದು ನೋಡಬೇಕು. ಕೃಷ್ಣನ ಉತ್ತರೀಯದ ಅಂಚಿನಲ್ಲಿ ಒಂದು ಬಳ್ಳಿ, ಬಳ್ಳಿಯಲ್ಲಿ ಹೂವು, ಹೂವಿನಲ್ಲಿ ಎಸಳು. ಫೋನಿನಲ್ಲಿ ಝೂಮ್ ಮಾಡಿದರೂ ಗೆರೆ ಒಡೆಯಲ್ಲ. ಮೈಸೂರು ಪೇಂಟಿಂಗ್ ಅಂದರೆ ಅಂಗಡಿಯಲ್ಲಿ ಸಿಗುತ್ತೆ, ಮದುವೆಗೆ ಉಡುಗೊರೆ ಕೊಡ್ತೀವಿ. ಸುರಪುರ ಪೇಂಟಿಂಗ್ ಅಂತ ಕೇಳಿ ನೋಡಿ, ಅಂಗಡಿಯವನು ನಿಮ್ಮ ಮುಖ ನೋಡ್ತಾನೆ.

ಸ್ಕಾಟ್ಲೆಂಡಿನ ಕಲ್ಲು, ವಿಭೂತಿಹಳ್ಳಿಯ ಕಲ್ಲು

ವಿಕ್ ಊರಿನ ಹೆಸರು ಸುಮ್ಮನೆ ತೆಗೆದದ್ದಲ್ಲ. ಆ ಊರಿನ ದಕ್ಷಿಣಕ್ಕೆ, ಸಮುದ್ರಕ್ಕೆ ಹತ್ತಿರದ ಒಂದು ದಿಬ್ಬದ ಮೇಲೆ ಸುಮಾರು 200 ಕಲ್ಲುಗಳನ್ನು ಸಾಲು ಸಾಲಾಗಿ ನೆಟ್ಟಿದ್ದಾರೆ. ಹಿಲ್ ಓ ಮೆನಿ ಸ್ಟೇನ್ಸ್, ಅಂದರೆ ಬಹಳ ಕಲ್ಲುಗಳ ಗುಡ್ಡ. ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ಕಲ್ಲುಗಳೇನೂ ದೊಡ್ಡವಲ್ಲ, ಹೆಚ್ಚೆಂದರೆ ಮೊಣಕಾಲಿನ ಆಸುಪಾಸು. ಯಾಕೆ ನೆಟ್ಟರು ಅನ್ನೋದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದರೂ ಬೇಲಿ ಇದೆ, ಫಲಕ ಇದೆ, ಹುಲ್ಲು ಕತ್ತರಿಸಿಟ್ಟಿರ್ತಾರೆ.

ಶಹಾಪುರದ ಹತ್ತಿರ ವಿಭೂತಿಹಳ್ಳಿ ಇದೆ. ಅಲ್ಲೂ ಕಲ್ಲಿನ ಸಾಲುಗಳು. ಗುಡ್ಡದ ಬುಡದ ಬಯಲಿನಲ್ಲಿ ಗುಂಡುಕಲ್ಲುಗಳನ್ನು ಅಳೆದು ಇಟ್ಟ ಹಾಗೆ, ಚೌಕಾಬಾರದ ಮನೆಗಳ ಹಾಗೆ ಇಟ್ಟಿದ್ದಾರೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೂ ಈ ಸಾಲುಗಳಿಗೂ ಸಂಬಂಧ ಇದೆಯಾ ಅಂತ ಖಗೋಳ ವಿಜ್ಞಾನಿಗಳೂ ಪರಿಶೀಲಿಸಿದ್ದಾರೆ. ಇದನ್ನು ಮೊದಲು ಹೊರಜಗತ್ತಿಗೆ ತಿಳಿಸಿದವರು ಯಾರು? ಮತ್ತೆ ಅದೇ ಟೇಲರ್. ಕುದುರೆ ಮೇಲೆ ಸುತ್ತುತ್ತ ವಿಭೂತಿಹಳ್ಳಿಯ ಸಾಲು, ರಾಜನಕೋಳೂರಿನ ಕಲ್ಲುಮನೆಗಳು ಎಲ್ಲವನ್ನೂ ನೋಡಿ, ಅಗೆದು, ಚಿತ್ರ ಬರೆದು, ಪ್ರಬಂಧ ಪ್ರಕಟಿಸಿದರು. ಸ್ವಾರಸ್ಯ ಏನಂದರೆ, ತಮ್ಮ ದೇಶದ ಕಡೆಯ ಕಲ್ಲುಗಳನ್ನು ಕಂಡಿದ್ದ ಅವರಿಗೆ ಇವೂ ಕೆಲ್ಟ್ ಜನರ ಕೆಲಸ ಇರಬೇಕು ಅನಿಸಿತು! ಸ್ಕಾಟ್ಲೆಂಡ್, ಐರ್ಲೆಂಡಿನ ಹಳಬರು ಸಗರನಾಡಿಗೆ ಬಂದು ಕಲ್ಲು ನೆಟ್ಟರು ಅನ್ನೋದನ್ನು ಇವತ್ತು ಯಾವ ಪಂಡಿತರೂ ಒಪ್ಪಲ್ಲ. ಆದರೆ ಇಲ್ಲಿನ ಕಲ್ಲಿಗೂ ಅಲ್ಲಿನ ಕಲ್ಲಿಗೂ ಸಮಾನ ಗೌರವ ಇದೆ ಅನ್ನೋದನ್ನು ಅವರು 1850ರ ದಶಕದಲ್ಲೇ ಕಂಡುಕೊಂಡಿದ್ದರು, ಅದು ದೊಡ್ಡದು.

ಇನ್ನೂ ಹಿಂದೆ ಹೋಗೋಣವಾ? ಹುಣಸಗಿ ಕಡೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯ 1990ರ ದಶಕದಲ್ಲಿ ಉತ್ಖನನ ಮಾಡಿದರು. ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಅಲ್ಲಿತ್ತು. ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ. ಅದೇ ಪದ್ದಯ್ಯನವರು ಬೂದಿಹಾಳದಲ್ಲಿ ಅಗೆದದ್ದು ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬ. ಸಾವಿರಾರು ವರ್ಷ ಹಿಂದೆ ದೊಡ್ಡಿಯಲ್ಲಿ ದನ ಕಟ್ಟಿ, ಸಗಣಿ ಗುಡ್ಡೆ ಹಾಕಿ ಸುಟ್ಟವರ ಊರು. ನಮ್ಮ ಹಳ್ಳಿಗಳ ತಿಪ್ಪೆ ನೋಡಿದರೆ, ಸಂಪ್ರದಾಯ ಎಷ್ಟು ಹಳೇದು ಅಂತ ಗೊತ್ತಾಗುತ್ತೆ.

ಈ ಜಾಗಗಳಿಗೆ ಇರುವ ದೊಡ್ಡ ಅಪಾಯ ಕಳ್ಳರದ್ದಲ್ಲ. ಗುಡಿಯಾದರೆ ಜನ ಮುಟ್ಟಲ್ಲ, ದರ್ಗಾ ಆದರೂ ಮುಟ್ಟಲ್ಲ. ಬಯಲಲ್ಲಿ ಬಿದ್ದ ಕಲ್ಲು ಕಲ್ಲೇ. ರಸ್ತೆಗೆ ಜಲ್ಲಿ ಬೇಕಾದಾಗ, ಹೊಲಕ್ಕೆ ಬದು ಹಾಕಬೇಕಾದಾಗ ಮೊದಲು ಕಣ್ಣಿಗೆ ಬೀಳೋದು ಇಂಥದ್ದೇ. ಒಂದು ಕಲ್ಲು ಸರಿಸಿದರೆ ಸಾಲು ಮುರೀತು. ಸಾಲು ಮುರಿದ ಮೇಲೆ ಅದು ಬರೀ ಕಲ್ಲಿನ ರಾಶಿ.

ವಿಕ್ ಜನ ಮಾಡಿದ್ದು

ವಿಕ್ ಊರಿನ ಕಥೆಯೂ ಏನೂ ಸುಖದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹೆರಿಂಗ್ ಮೀನಿನ ವ್ಯಾಪಾರದಲ್ಲಿ ಅದು ಯುರೋಪಿನಲ್ಲೇ ದೊಡ್ಡ ಹೆಸರು. ಥಾಮಸ್ ಟೆಲ್ಫರ್ಡ್ ಅನ್ನುವ ಪ್ರಸಿದ್ಧ ಎಂಜಿನಿಯರ್ ಬಂದರಿನ ಪಕ್ಕ ಪುಲ್ಟ್‌ನಿಟೌನ್ ಅಂತ ಹೊಸ ಬಡಾವಣೆಯನ್ನೇ ನಕ್ಷೆ ಹಾಕಿ ಕೊಟ್ಟ. ಹಂಗಾಮಿನಲ್ಲಿ ಬಂದರಿನ ತುಂಬ ಸಾವಿರಕ್ಕೂ ಹೆಚ್ಚು ದೋಣಿ. ಆಮೇಲೆ ಮೀನು ಹೋಯ್ತು, ದೋಣಿ ಹೋಯ್ತು, ಹುಡುಗರು ದೊಡ್ಡ ಊರುಗಳಿಗೆ ಹೋದರು. ಈ ಕೊನೇ ಸಾಲು ಓದುವಾಗ ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರು, ಮುಂಬೈ ಟ್ರೈನಿಗೆ ಗಂಟುಮೂಟೆ ಸಮೇತ ಕಾಯುವ ಜನ ನೆನಪಾದರೆ ಆಶ್ಚರ್ಯ ಇಲ್ಲ.

ಉಳಿದವರು ಏನು ಮಾಡಿದರು ಅನ್ನೋದು ಮುಖ್ಯ. ಅವರೇ ಸೇರಿ ವಿಕ್ ಸೊಸೈಟಿ ಅಂತ ಒಂದು ಸಂಘ ಕಟ್ಟಿಕೊಂಡು, ಬಂದರಿನ ಹತ್ತಿರದ ಹಳೇ ಮನೆಗಳಲ್ಲಿ ಮ್ಯೂಸಿಯಂ ಮಾಡಿದರು. ನಡೆಸೋದು ಊರಿನ ಸ್ವಯಂಸೇವಕರು. ಅಲ್ಲಿರುವ ದೊಡ್ಡ ಆಸ್ತಿ ಜಾನ್‌ಸ್ಟನ್ ಅನ್ನುವ ಫೋಟೋಗ್ರಾಫರ್ ಮನೆತನದ ಗಾಜಿನ ನೆಗೆಟಿವ್‌ಗಳು. 1863ರಿಂದ 1975ರ ತನಕ ಮೂರು ತಲೆಮಾರು ಊರಿನ ಮದುವೆ, ಸಂತೆ, ದೋಣಿ, ಶಾಲೆ, ಮಕ್ಕಳು ಎಲ್ಲದರ ಫೋಟೋ ತೆಗೆದಿದ್ದರು. ಉಳಿದಿರುವ ಸುಮಾರು 50 ಸಾವಿರ ಪ್ಲೇಟುಗಳನ್ನು ಊರಿನವರು ಕಾಪಾಡಿಕೊಂಡರು. ರಾಜರ ಚಿತ್ರ ಅಲ್ಲ ರೀ, ಮೀನು ಸೀಳುವ ಹೆಂಗಸರ ಚಿತ್ರ.

ಸುರಪುರದ ಜನಸಂಖ್ಯೆ ವಿಕ್‌ಗಿಂತ ಆರೇಳು ಪಟ್ಟು. ಪ್ರತಿ ಓಣಿಯಲ್ಲೂ ಒಂದು ಟ್ರಂಕು ಇದೆ, ಟ್ರಂಕಿನಲ್ಲಿ ಉರ್ದು ಕಾಗದ, ಮೋಡಿ ಲಿಪಿಯ ಕಾಗದ, ನಿಜಾಮರ ಕಾಲದ ಶಾಲೆಯ ಗ್ರೂಪ್ ಫೋಟೋ, ಯಾರೂ ಓದದ ಸನ್ನದು ಇರುತ್ತೆ. ಮನೆ ಒಡೆದು ಆರ್‌ಸಿಸಿ ಕಟ್ಟಿಸುವಾಗ ಮೊದಲು ಹೊರಗೆ ಹೋಗೋದು ಆ ಟ್ರಂಕು. ಗೆದ್ದಲು ಹಿಡಿದದ್ದು ಅಂತ ಅವ್ವ ನೀರೊಲೆಗೆ ಹಾಕಿರ್ತಾಳೆ. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಸ್ಕ್ಯಾನ್ ಮಾಡುವ ಆಪ್ ಇದೆ, ವಾಯ್ಸ್ ರೆಕಾರ್ಡರ್ ಇದೆ. ಈ ಸಲ ಊರಿಗೆ ಹೋದಾಗ ಅಜ್ಜನನ್ನು ಕೂರಿಸಿಕೊಂಡು, "ಅಜ್ಜಾ, ಈ ಫೋಟೋದಾಗ ಇರೋರು ಯಾರು, ಹೇಳ್ರಿ" ಅಂತ ಕೇಳಿ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಹೆಸರು, ಊರು, ವರ್ಷ ಫೈಲಿನ ಹೆಸರಲ್ಲೇ ಹಾಕಿ. ಸರಕಾರ ಮ್ಯೂಸಿಯಂ ಕಟ್ಟೋದು ಯಾವಾಗಲೋ. ಅಜ್ಜನ ನೆನಪಿಗೆ ಅಷ್ಟು ಟೈಮ್ ಇಲ್ಲ.

ಹೋಗೋದು ಹೇಗೆ, ತಿನ್ನೋದು ಏನು

ಯಾದಗಿರಿ ಮುಂಬೈ–ಚೆನ್ನೈ ರೈಲುಮಾರ್ಗದಲ್ಲಿದೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಾಕು. ಹೈದರಾಬಾದಿನವರು ಕಾರಿನಲ್ಲಿ ಅರ್ಧ ದಿನದೊಳಗೆ ಬರಬಹುದು. ಯಾದಗಿರಿಯಲ್ಲಿ ಇಳಿದ ಕೂಡಲೇ ತಲೆ ಎತ್ತಿ ನೋಡಿ, ಬಂಡೆಗುಡ್ಡದ ಮೇಲೆ ಕೋಟೆ. ಬಿಸಿಲು ಏರುವ ಮುಂಚೆ ಹತ್ತಿ ಇಳಿದರೆ ಒಳ್ಳೇದು. ಮೇಲೆ ನೀರಿನ ಹೊಂಡಗಳಿವೆ, ತೋಪಿದೆ. ಕುಡಿಯುವ ನೀರು ಮಾತ್ರ ನೀವೇ ಒಯ್ಯಬೇಕು.

ಅಲ್ಲಿಂದ ಶಹಾಪುರ. ಊರು ಹತ್ತಿರ ಬಂದಂತೆ ಗುಡ್ಡಗಳ ಸಾಲು ಮಲಗಿದ ಮನುಷ್ಯನ ಹಾಗೆ ಕಾಣುತ್ತೆ. ಹಣೆ, ಮೂಗು, ಗದ್ದ, ಎದೆ. ಮಲಗಿದ ಬುದ್ಧ ಅಂತ ಕರೀತಾರೆ. ಗಾಡಿ ನಿಲ್ಲಿಸಿ ಸರಿಯಾದ ಕೋನ ಹುಡುಕಿ, ಒಂದು ಫರ್ಲಾಂಗು ಹಿಂದೆ ಮುಂದೆ ಆದರೂ ಮೂಗು ಮಾಯ. ಭೀಮೆಯ ಆಚೆ ದಂಡೆಯಲ್ಲಿ ಸನ್ನತಿ ಇದೆ, ಅಶೋಕನ ಶಾಸನ ಸಿಕ್ಕ ಜಾಗ. ಟೈಮ್ ಇದ್ದವರು ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಶಹಾಪುರದಿಂದ ವಿಭೂತಿಹಳ್ಳಿ ನೋಡಿಕೊಂಡು ಸುರಪುರಕ್ಕೆ ಬನ್ನಿ, ಸಂಜೆ ಟೇಲರ್ ಮಂಜಿಲ್. ಸರಕಾರಿ ಅತಿಥಿಗೃಹ ಆದ್ದರಿಂದ ಒಳಗೆ ಹೋಗುವ ಮುಂಚೆ ಅಲ್ಲಿರುವವರನ್ನು ಕೇಳಿ.

ಮರುದಿನ ಬೆಳಕು ಹರಿಯುವ ಮುಂಚೆ ಬೋನಾಳಕ್ಕೆ ಹೊರಡಬೇಕು. ಸುರಪುರದಿಂದ ಹತ್ತು-ಹನ್ನೆರಡು ಕಿಲೋಮೀಟರ್. ಹದಿನೇಳನೇ ಶತಮಾನದಲ್ಲಿ ಪಾಮ ನಾಯಕ ಕಟ್ಟಿಸಿದ ಕೆರೆ, ಆಮೇಲೆ ಟೇಲರ್ ಅಭಿವೃದ್ಧಿ ಮಾಡಿಸಿದ್ದು. ಈಗ ಪಕ್ಷಿಧಾಮ. ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋದರೆ ಹಿಮಾಲಯದ ಆಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತು ಸಿಗಬಹುದು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಹಿಮಾಲಯದ ಮೇಲೆ ಹಾರಿ ಬರುವ ಹಕ್ಕಿ ನಮ್ಮ ಹೊಲಗಳಲ್ಲಿ ಶೇಂಗಾ ಬಳ್ಳಿ ಕಿತ್ತು ತಿನ್ನುತ್ತೆ, ರೈತರಿಗೆ ಅಷ್ಟೇನೂ ಖುಷಿ ಇಲ್ಲ. ಕೆನ್ನೀಲಿ ಬಕ, ಬಿಳಿ ಕೆಂಬರಲು ಇವೆಲ್ಲ ಇರ್ತವೆ. ದುರ್ಬೀನು ಇದ್ದರೆ ತನ್ನಿ, ಸ್ಪೀಕರ್ ತರಬೇಡಿ.

ವಾಪಸ್ ಬರುವಾಗ ಹಸಿವಾಗಿರುತ್ತೆ. ರಂಗಂಪೇಟೆ ಕಡೆ ಬಂಡಿ ಮೇಲೆ ಬೆಳಿಗ್ಗೆ ಸುಸಲಾ, ಬಿಸಿ ಮಿರ್ಚಿ ಭಜಿ ಸಿಗುತ್ತೆ. ಮಧ್ಯಾಹ್ನಕ್ಕೆ ಕಟಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕುವ ಖಾನಾವಳಿ ಕೇಳಿಕೊಂಡು ಹೋಗಿ. "ಖಾರ ಕಡಿಮೆ ಹಾಕ್ರಿ" ಅಂದರೆ ನಗ್ತಾರೆ, ಆದರೆ ಒಂದು ಬಟ್ಟಲು ಮೊಸರು ಜಾಸ್ತಿ ಇಡ್ತಾರೆ.